ಕಾಳಿ ಎಂಬ ನಾಯಿ, ಬಟ್ಟೆಯ ರೆಕ್ಕೆ ಮತ್ತು ಬೀಗಿತ್ತಿಯ ಮಂಡಿ

“ಇಷ್ಟೂ ಒಂದೇ ದಿನಕ್ಕಾ?” ಎಂದು ಕೇಳಿದ ಸೋದರಮಾವ ಉತ್ತರಕ್ಕೆ ಕಾಯಲಿಲ್ಲ. ಕನ್ನಡಕ ಸರಿಮಾಡಿಕೊಂಡು ಪಟ್ಟಿಯನ್ನು ಮತ್ತೆ ಮೊದಲಿಂದ ಓದಿದರು. ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ, ವೆಂಕಟಪ್ಪ ಆರ್ಟ್ ಗ್ಯಾಲರಿ, ಹಳೇ ಶಿಲ್ಪಗಳ ಮ್ಯೂಸಿಯಂ, ಲಾಲ್‌ಬಾಗ್, ಬಾಲಭವನದ ಪುಟಾಣಿ ರೈಲು. ಕೊನೆಯಲ್ಲಿ, ಬೇರೆ ಶಾಯಿಯಲ್ಲಿ, ‘ಚಿಕ್ಕಪೇಟೆ’.

“ಮಕ್ಕಳಿಗೆ ದಸರಾ ರಜ ಮಾವ. ದಿನಾ ಹೋಗೋಕಾಗುತ್ತಾ ಬೆಂಗಳೂರಿಗೆ? ಹೋದ ಮೇಲೆ ಎಲ್ಲಾ ನೋಡ್ಕೊಂಡೇ ಬರೋದು,” ಎಂದಳು ಅವರ ಸೋದರ ಸೊಸೆ.

ತಿಪಟೂರಿನಿಂದ ಬೆಂಗಳೂರು ದೂರವೇನಲ್ಲ, ಪಕ್ಕದಲ್ಲೂ ಇಲ್ಲ. ಬೆಳಗಿನ ರೈಲಿಗೆ ಹತ್ತಿ ಸಂಜೆಯ ರೈಲಿಗೆ ವಾಪಸಾಗಬಹುದು. ಹೊರಡುವವರು ಐದು ಜನ: ಸೊಸೆ, ಅವಳ ಗಂಡ, ಆರನೇ ಕ್ಲಾಸಿನ ಮಗ, ಒಂದನೇ ಕ್ಲಾಸಿನ ಮಗಳು ಮತ್ತು ಮಂಡಿನೋವಿನ ಅತ್ತೆ. ಮಾವ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರಾಗಿದ್ದು ನಿವೃತ್ತರಾದವರು. ಶೈಕ್ಷಣಿಕ ಪ್ರವಾಸವೆಂದು ಊರಿನ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಹೋಗಿ, ಎಣಿಸಿ, ಮತ್ತೆ ಎಣಿಸಿ ವಾಪಸು ತಂದವರು. ಪ್ರವಾಸದ ವಿಷಯದಲ್ಲಿ ಈ ಮನೆಯಲ್ಲಿ ಅವರದೇ ಕೊನೆಯ ಮಾತು. ಆ ಮಾತನ್ನು ಯಾರೂ ಕೇಳುವುದಿಲ್ಲ ಅನ್ನುವುದು ಬೇರೆ.

ಅವರು ಪೆನ್ನು ತೆಗೆದು ಲಾಲ್‌ಬಾಗಿಗೆ ಗೀಟು ಹಾಕಿದರು. ತಾರಾಲಯಕ್ಕೂ ಹಾಕಿದರು. “ತಾರಾಲಯ ಇರೋದು ಬೇರೆ ರಸ್ತೇಲಿ. ಪ್ರದರ್ಶನದ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು. ಅದರ ಹಿಂದೆ ಬಿದ್ದರೆ ಇಡೀ ದಿನ ಗಡಿಯಾರ ನೋಡೋದೇ ಆಗುತ್ತೆ. ಅದಕ್ಕೆ ಇನ್ನೊಂದು ಸಲ ಹೋಗಿ. ಈ ಸಲ ಒಂದೇ ರಸ್ತೆ ಇಟ್ಕೋ. ಕಸ್ತೂರ್ಬಾ ರಸ್ತೆ.”

“ಒಂದು ರಸ್ತೇಲಿ ಏನಿರುತ್ತೆ ಮಾವ ಇಡೀ ದಿನ ನೋಡೋಕೆ?”

“ಏನಿಲ್ಲ ಹೇಳು. ವಿಶ್ವೇಶ್ವರಯ್ಯನವರ ಹೆಸರಿನ ವಿಜ್ಞಾನದ ಮ್ಯೂಸಿಯಂ. ಅದರ ಪಕ್ಕಕ್ಕೇ ಕೆಂಪು ಕಟ್ಟಡದ ಸರ್ಕಾರಿ ವಸ್ತುಸಂಗ್ರಹಾಲಯ. ಅದಕ್ಕೆ ಅಂಟಿಕೊಂಡಂತೆ ವೆಂಕಟಪ್ಪ ಚಿತ್ರಶಾಲೆ. ಅದೇ ರಸ್ತೇಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಖಾಸಗಿ ಮ್ಯೂಸಿಯಂ, ಮ್ಯಾಪ್ ಅಂತಾರೆ. ಬೆನ್ನ ಹಿಂದೆ ಕಬ್ಬನ್ ಪಾರ್ಕ್. ಸಿಡ್ನಿ ರೋಡ್ ಅಂತ ಇತ್ತು ಈ ರಸ್ತೆಯ ಹಳೇ ಹೆಸರು.”

ಸೊಸೆಗೆ ಆಗಲೇ ಒಂದು ಲೆಕ್ಕಾಚಾರ ಹೊಳೆದಿತ್ತು. ಮಗನನ್ನು ಕರೆದುಕೊಂಡು ಗಂಡ ವಿಜ್ಞಾನದ ಕಡೆ ಹೋಗುವುದು, ತಾನು ಚಿತ್ರಗಳ ಕಡೆ, ಅತ್ತೆ ದೇವರ ವಿಗ್ರಹಗಳ ಕಡೆ. ಮಧ್ಯಾಹ್ನ ಊಟಕ್ಕೆ ಎಲ್ಲರೂ ಒಂದು ಮರದ ಕೆಳಗೆ ಸೇರುವುದು. ಎಲ್ಲರಿಗೂ ಅವರವರಿಗೆ ಬೇಕಾದ್ದು ಸಿಕ್ಕಿತಲ್ಲ?

“ಹಾಗೆ ಮಾಡೋದಾದರೆ ಐದು ಜನ ಯಾಕೆ ಹೋಗಬೇಕು? ಒಬ್ಬೊಬ್ಬರೇ ಹೋಗಿಬನ್ನಿ,” ಎಂದರು ಮಾವ. “ಗಂಡು ಹುಡುಗನಿಗೆ ಎಂಜಿನ್ನು, ಹೆಂಗಸರಿಗೆ ಚಿತ್ರ, ಮುದುಕರಿಗೆ ವಿಗ್ರಹ. ಯಾರು ಮಾಡಿಕೊಟ್ಟರು ಈ ಪಾಲುಪಟ್ಟಿಯನ್ನ? ಆ ಮ್ಯೂಸಿಯಂ ಶುರುವಾದಾಗ ಅಲ್ಲಿ ಇಂಥ ಪಾಲೇ ಇರಲಿಲ್ಲ.”

ಮಾವನ ಈ ಮಾತಿಗೆ ಆಧಾರವಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1865ರಲ್ಲಿ, ಮೈಸೂರು ರಾಜ್ಯ ಬ್ರಿಟಿಷ್ ಕಮಿಷನರ್ ಬೌರಿಂಗ್ ಅವರ ಆಡಳಿತದಲ್ಲಿದ್ದಾಗ. ಅದರ ಹಿಂದೆ ಇದ್ದವರು ಎಡ್ವರ್ಡ್ ಬಾಲ್ಫರ್ ಎಂಬ ಸೇನಾ ವೈದ್ಯ. ಅವರು 1851ರಲ್ಲಿ ಮದರಾಸಿನಲ್ಲಿ ಒಂದು ಮ್ಯೂಸಿಯಂ ಕಟ್ಟಿ ನಡೆಸಿ ಪಳಗಿದ್ದರು. ಭಾರತದ ಕಲ್ಲು, ಗಿಡ, ಪ್ರಾಣಿ, ಕೈಕಸುಬು, ಜನ ಎಲ್ಲವನ್ನೂ ಒಂದೇ ವಿಶ್ವಕೋಶದಲ್ಲಿ ತುಂಬಿಸಲು ಹೊರಟಿದ್ದ ಮನುಷ್ಯ ಅವರು. ಅಂಥವರ ಕಲ್ಪನೆಯ ಮ್ಯೂಸಿಯಂನಲ್ಲಿ ಅದಿರಿನ ತುಂಡಿಗೂ ಶಿಲ್ಪಕ್ಕೂ ಒಂದೇ ಸೂರು. ನೋಡಲು ಬಂದವನು ಇದು ವಿಜ್ಞಾನ, ಇದು ಕಲೆ ಎಂದು ಬಾಗಿಲಲ್ಲೇ ಚೀಟಿ ಹರಿಸಿಕೊಂಡು ಒಳಗೆ ಹೋಗುತ್ತಿರಲಿಲ್ಲ.

“ಆ ಬಾಲ್ಫರ್ ಸಾಹೇಬ್ರು ಮದರಾಸಿನ ಮ್ಯೂಸಿಯಂನಲ್ಲಿ ಜೀವಂತ ಪ್ರಾಣಿಗಳನ್ನೂ ಇಟ್ಟಿದ್ದರು ಕಣಮ್ಮ. ಪ್ರಾಣಿ ನೋಡೋಕೆ ಬಂದವರು ಹಾಗೇ ಕಲ್ಲನ್ನೂ ನೋಡಲಿ ಅಂತ. ಮದರಾಸಿನ ಮೃಗಾಲಯ ಬೆಳೆದದ್ದೇ ಅಲ್ಲಿಂದ.”

“ಹಾಗಾದ್ರೆ ಈಗಿನ ಮ್ಯೂಸಿಯಂನಲ್ಲಿ ತಲೆ ಆಡಿಸೋ ಡೈನೋಸಾರ್ ಇಡ್ತಾರಲ್ಲ, ಅದೂ ಅದೇ ಉಪಾಯವೇ?”

“ಅದೇ ಉಪಾಯ. ಒಳ್ಳೆ ಉಪಾಯ.”

ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ ಮೊದಲು ಇದ್ದದ್ದು ಕಂಟೋನ್ಮೆಂಟಿನ ಹಳೆಯ ಜೈಲು ಕಟ್ಟಡದಲ್ಲಿ. ಬ್ರಿಗೇಡ್ ರಸ್ತೆಗೆ ಹತ್ತಿರದ ಮ್ಯೂಸಿಯಂ ರಸ್ತೆಯಲ್ಲಿ ಮ್ಯೂಸಿಯಂ ಹುಡುಕಿ ಸುಸ್ತಾದವರಿಗೆ ಸಮಾಧಾನದ ಸಂಗತಿಯೆಂದರೆ, ಆ ಹೆಸರು ಬಂದದ್ದು ಆ ಕಾಲದಲ್ಲಿ. ಸಂಗ್ರಹವನ್ನು ಈಗಿನ ಕೆಂಪು ಕಟ್ಟಡಕ್ಕೆ ಸಾಗಿಸಿದ್ದು 1877ರಲ್ಲಿ. ಅದನ್ನು ಕಟ್ಟಿಸಿದ ರಿಚರ್ಡ್ ಸ್ಯಾಂಕಿ ಸೇನೆಯ ಎಂಜಿನಿಯರ್. ಕಬ್ಬನ್ ಪಾರ್ಕಿನ ನಕ್ಷೆ ಅವರದು, ಅಠಾರಾ ಕಚೇರಿ ಅವರದು, ಸ್ಯಾಂಕಿ ಕೆರೆಗೆ ಹೆಸರೂ ಅವರದೇ. ಮುಂದೆ ವಿಜ್ಞಾನಕ್ಕೆ ಬೇರೆ ಮನೆಯಾಯಿತು, ಚಿತ್ರಕ್ಕೆ ಬೇರೆ ಮನೆಯಾಯಿತು. ಅಣ್ಣತಮ್ಮಂದಿರು ಪಾಲಾದರೂ ಮನೆಗಳನ್ನು ಮಾತ್ರ ಒಂದೇ ಸಾಲಿನಲ್ಲಿ ಕಟ್ಟಿಕೊಂಡರು.

“ಸರಿ ಮಾವ, ಎಲ್ಲರೂ ಎಲ್ಲಾ ಕಡೆ ಹೋಗ್ತೀವಿ. ಸೋಮವಾರ ಹೊರಡೋದು ಅಂತ ಇದೀವಿ. ಭಾನುವಾರ ಜನ ಜಾಸ್ತಿ ಅಲ್ವಾ?”

ಮಾವ ಪೆನ್ನು ಕೆಳಗಿಟ್ಟರು. ಪ್ರವಾಸ ಹೊರಟ ಎಷ್ಟೋ ಸಂಸಾರಗಳು ಎಡವುವುದು ಇಲ್ಲೇ. ವಿಶ್ವೇಶ್ವರಯ್ಯ ಮ್ಯೂಸಿಯಂ ಗಣೇಶನ ಹಬ್ಬ, ದೀಪಾವಳಿ ಬಿಟ್ಟರೆ ಹೆಚ್ಚುಕಡಿಮೆ ವರ್ಷವಿಡೀ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ತೆರೆದಿರುತ್ತದೆ. ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೂ ಚಿತ್ರಶಾಲೆಗೂ ಸೋಮವಾರ ರಜೆ, ಸರ್ಕಾರಿ ರಜೆಯ ದಿನಗಳಲ್ಲೂ ಬಾಗಿಲು ಹಾಕಿರುತ್ತದೆ. ಮ್ಯಾಪ್‌ಗೂ ಸೋಮವಾರವೇ ರಜೆ. ಸೋಮವಾರ ಹೋದರೆ ರಸ್ತೆಯ ಮುಕ್ಕಾಲು ಪಾಲು ನಷ್ಟ.

“ಬುಧವಾರ ಹೋಗಿ. ಆಯುಧಪೂಜೆ ಹತ್ತಿರ ಬೇಡ. ಇನ್ನೊಂದು ವಿಷಯ, ಹಳೇ ಕಟ್ಟಡಗಳು ಅವು. ದುರಸ್ತಿ, ಬಣ್ಣ ಅಂತ ಒಂದೊಂದು ಗ್ಯಾಲರಿ ತಿಂಗಳುಗಟ್ಟಲೆ ಮುಚ್ಚೋದುಂಟು. ಹಿಂದಿನ ದಿನ ಫೋನ್ ಮಾಡಿ, ‘ಮ್ಯೂಸಿಯಂ ತೆಗೆದಿರುತ್ತಾ’ ಅಂತ ಕೇಳಬೇಡ. ‘ಯಾವ್ಯಾವ ಗ್ಯಾಲರಿ ತೆಗೆದಿರುತ್ತೆ’ ಅಂತ ಕೇಳು.”

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ದನಿ ಬಂತು. “ಬೀಗರೇ, ನಾನು ಬರಲ್ಲ ಅಂತ ಹೇಳಿ ಇವಳಿಗೆ. ನನ್ನ ಮಂಡಿ ಆ ಮೆಟ್ಟಿಲೆಲ್ಲಾ ಹತ್ತಲ್ಲ. ವಿಮಾನ, ಎಂಜಿನ್ನು ಕಟ್ಕೊಂಡು ನನಗೇನಾಗಬೇಕು?”

“ನಿಮಗೇ ಆಗಬೇಕು ಬೀಗಿತ್ತಿಯವರೇ. ಆ ವಿಮಾನ ಬಟ್ಟೇದು,” ಎಂದರು ಮಾವ.

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.

ಅವರು ಹೇಳುತ್ತಿದ್ದದ್ದು ರೈಟ್ ಸಹೋದರರ ವಿಮಾನದ ಮಾತು. ಅದರ ಅಳತೆಗೆ ಅಳತೆ ಸೇರುವ ಪ್ರತಿಕೃತಿ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿದೆ. ತುದಿಯಿಂದ ತುದಿಗೆ ರೆಕ್ಕೆ ಹನ್ನೆರಡು ಮೀಟರಿಗೂ ಉದ್ದ. ಒಂದರ ಮೇಲೊಂದು ಎರಡು ರೆಕ್ಕೆ, ನಡುವೆ ಮರದ ಕಂಬಗಳು, ಎಳೆದು ಕಟ್ಟಿದ ತಂತಿಗಳು. ಮೂಲ ವಿಮಾನದ ಚೌಕಟ್ಟು ಸ್ಪ್ರೂಸ್ ಎಂಬ ಹಗುರ ಮರದ್ದು, ಅದಕ್ಕೆ ಹೊದಿಸಿದ್ದು ಮಸ್ಲಿನ್ ಬಟ್ಟೆ. ಡೇಟನ್ ಊರಿನಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ಅಣ್ಣತಮ್ಮಂದಿರು ಅಂಗಡಿಯ ಬುದ್ಧಿಯನ್ನು ವಿಮಾನಕ್ಕೂ ಬಳಸಿದರು: ಹನ್ನೆರಡು ಅಶ್ವಶಕ್ತಿಯ ಎಂಜಿನ್ನಿನಿಂದ ಎರಡು ಪ್ರೊಪೆಲ್ಲರುಗಳಿಗೆ ಶಕ್ತಿ ಹೋಗುವುದು ಸೈಕಲ್ಲಿನ ಹಾಗೆ ಚೈನಿನ ಮೂಲಕ. ಕೂರಲು ಸೀಟಿಲ್ಲ. ಹಾರಿಸುವವನು ಕೆಳಗಿನ ರೆಕ್ಕೆಯ ಮೇಲೆ ಬೋರಲು ಮಲಗಬೇಕು. ಸೊಂಟವನ್ನು ಆಚೀಚೆ ಸರಿಸಿದರೆ ತಂತಿಗಳು ಎಳೆದು ರೆಕ್ಕೆಯ ತುದಿಗಳು ತಿರುಚಿಕೊಳ್ಳುತ್ತವೆ, ಒಂದು ಕಡೆಗೆ ವಾಲಿದ ವಿಮಾನ ಸರಿಯಾಗುತ್ತದೆ.

“ಎಷ್ಟು ದೂರ ಹಾರ್ತು ತಾತ?” ಎಂದು ಅಲ್ಲಿಯವರೆಗೆ ಮೊಬೈಲಿನಲ್ಲಿ ಮುಳುಗಿದ್ದ ಹುಡುಗ ತಲೆಯೆತ್ತಿದ.

“1903ರ ಡಿಸೆಂಬರ್ 17, ಮೊದಲನೇ ಸಲ, 12 ಸೆಕೆಂಡು. 120 ಅಡಿ. ಚಿನ್ನಸ್ವಾಮಿ ಸ್ಟೇಡಿಯಂ ಅಲ್ಲೇ ಹತ್ತಿರ ಇದೆಯಲ್ಲ, ಅಲ್ಲಿನ ಪಿಚ್ಚಿನ ಎರಡರಷ್ಟು ಉದ್ದವೂ ಆಗಲ್ಲ.”

“ಅಷ್ಟೇನಾ!”

“ಅಷ್ಟೇ. ಅವತ್ತೇ ನಾಲ್ಕನೇ ಸಲಕ್ಕೆ 59 ಸೆಕೆಂಡು, 852 ಅಡಿ. ಆಮೇಲೆ ಗಾಳಿ ಬೀಸಿ ನಿಂತ ವಿಮಾನವನ್ನ ಉರುಳಿಸಿಬಿಡ್ತು. ಮತ್ತೆ ಅದು ಹಾರಲೇ ಇಲ್ಲ.”

ಅತ್ತೆ ಈಗ ಬಾಗಿಲವರೆಗೆ ಬಂದಿದ್ದರು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿದ್ದರೋ ನೇರಕ್ಕೋ ಎಂಬುದು ಅವರ ಪ್ರಶ್ನೆ. ರವಿಕೆಯ ತೋಳಿಗಾದರೆ ಓರೆಯೇ ಬೇಕು, ಇಲ್ಲದಿದ್ದರೆ ಕೈ ತಿರುಗಿಸುವಾಗ ಹಿಡಿಯುತ್ತದೆ. ತಿರುಚಿಕೊಳ್ಳಬೇಕಾದ ರೆಕ್ಕೆಗೂ ಅದೇ ನ್ಯಾಯ. ರೈಟ್ ಸಹೋದರರು ಎಳೆಗಳು ಓರೆಗೆ ಬರುವ ಹಾಗೆಯೇ ಬಟ್ಟೆ ಹೊದಿಸಿದ್ದರು. ಮಾವ ಇಷ್ಟು ವರ್ಷ ಮಕ್ಕಳಿಗೆ ಈ ವಿಮಾನದ ಎಂಜಿನ್ ಬಗ್ಗೆಯೇ ಪಾಠ ಮಾಡಿದ್ದರು. ಬಟ್ಟೆಯ ಎಳೆಯ ಬಗ್ಗೆ ಅವರನ್ನು ಕೇಳಿದವರು ಇವರೇ ಮೊದಲು. “ನೋಡಿದೆಯಾ,” ಎಂದು ಸೊಸೆಯ ಕಡೆ ತಿರುಗಿದರು, “ನಿಮ್ಮತ್ತೇನ ನೀನು ವಿಗ್ರಹಗಳ ಕಡೆ ಕಳಿಸೋದರಲ್ಲಿದ್ದೆ.”

ಮೆಟ್ಟಿಲಿನ ಸಮಸ್ಯೆಗೂ ದಾರಿಯಿದೆ. ಟಿಕೆಟ್ ಕೊಳ್ಳುವಾಗಲೇ ಲಿಫ್ಟ್ ಎಲ್ಲಿದೆ ಎಂದು ಕೇಳಿಕೊಳ್ಳಬೇಕು. ಎಲ್ಲ ಮಹಡಿಯನ್ನೂ ಮುಗಿಸುತ್ತೇವೆಂಬ ಹಟ ಬಿಡಬೇಕು. ಕೂತು ನೋಡುವಂಥದ್ದೂ ಅಲ್ಲಿದೆ. ಕತ್ತಲ ಕೋಣೆಯ ನಡುವೆ ತೂಗುಬಿಟ್ಟ ಒಂದು ದೊಡ್ಡ ಬಿಳಿ ಗೋಳ, ಸುತ್ತಲಿಂದ ಪ್ರೊಜೆಕ್ಟರುಗಳು ಬಿಡುವ ಬೆಳಕಿನಲ್ಲಿ ಅದು ಒಮ್ಮೆ ಭೂಮಿಯಾಗುತ್ತದೆ, ಒಮ್ಮೆ ಬೇರೆ ಗ್ರಹವಾಗುತ್ತದೆ. ಮೋಡ ಸರಿಯುವುದು, ಸಮುದ್ರದ ಪ್ರವಾಹ ಹರಿಯುವುದು ಎಲ್ಲ ಗೋಳದ ಮೈಮೇಲೆಯೇ ಕಾಣುತ್ತದೆ. ಇಂಥ ಪ್ರದರ್ಶನಗಳಿಗೆ ಬೇರೆ ಟಿಕೆಟ್ಟು, ಬೇರೆ ವೇಳೆ. ಒಳಗೆ ಹೋಗುವ ಮುಂಚೆಯೇ ಕೌಂಟರಿನಲ್ಲಿ ವೇಳೆ ಬರೆದುಕೊಂಡರೆ ನಡುವಿನ ಹೊತ್ತನ್ನು ಹೊಂದಿಸಬಹುದು. ಬರೆದುಕೊಳ್ಳದವರು ಬಾಗಿಲಿಗೆ ಬಂದು, ಈಗ ತಾನೇ ಶುರುವಾಯಿತು ಎಂದು ಕೇಳಿಸಿಕೊಳ್ಳುತ್ತಾರೆ.

“ರೈಲು ಇಳಿದು ಆಟೋನಾ?” ಎಂದಳು ಸೊಸೆ.

“ಮೆಟ್ರೋ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗ ಹಿಡಿದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಆದರೆ ಹುಷಾರು. ಮೆಜೆಸ್ಟಿಕ್ ಬಿಟ್ಟ ಕೂಡಲೇ ‘ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ’ ಅಂತ ಕೂಗ್ತಾರೆ. ನಮ್ಮ ಮ್ಯೂಸಿಯಂ ಬಂತು ಅಂತ ಇಳಿದುಬಿಡಬೇಡಿ. ಅದು ಸೆಂಟ್ರಲ್ ಕಾಲೇಜು. ಅದಾದ ಮೇಲೆ ವಿಧಾನಸೌಧ, ಆಮೇಲೆ ಕಬ್ಬನ್ ಪಾರ್ಕ್. ರೈಲಿನ ಟಿಕೆಟ್ ಮಾಡಿಸುವಾಗಲೂ ಅಷ್ಟೇ. ವಿಶ್ವೇಶ್ವರಯ್ಯ ಟರ್ಮಿನಲ್ ಅಂತ ಇದ್ದರೆ ಅದು ಬೈಯಪ್ಪನಹಳ್ಳಿ.”

ಒಬ್ಬ ದೊಡ್ಡ ಮನುಷ್ಯನ ಹೆಸರನ್ನು ಒಂದೇ ಊರಿನಲ್ಲಿ ಮೂರು ಕಡೆ ಇಟ್ಟರೆ ಪ್ರಯಾಣಿಕನ ಪಾಡು ಹೀಗೇ. ಆದರೆ ಮ್ಯೂಸಿಯಂಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ವಿಶ್ವೇಶ್ವರಯ್ಯನವರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಡ ಎದ್ದಿತು. 1962ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು, ಅದೇ ವರ್ಷದ ಜುಲೈನಲ್ಲಿ ಪ್ರಧಾನಿ ನೆಹರು ಕಟ್ಟಡವನ್ನು ಉದ್ಘಾಟಿಸಿದರು. 1965ರ ಜುಲೈನಲ್ಲಿ ಜನರಿಗೆ ತೆರೆದ ಮೊದಲ ಗ್ಯಾಲರಿಯ ವಿಷಯ ವಿದ್ಯುತ್ತು. ಬೆಂಗಳೂರಿಗೆ ಇದಕ್ಕಿಂತ ಸರಿಯಾದ ವಿಷಯ ಇನ್ನೊಂದಿಲ್ಲ. ಶಿವನಸಮುದ್ರದ ನೀರಿನಿಂದ ತೆಗೆದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿದೀಪ ಹತ್ತಿಸಿತು. ಆ ಯೋಜನೆಯ ಹಿಂದಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರ ಹೆಸರಿನ ಕೆಂಪು ಗ್ರಂಥಾಲಯ ಕಬ್ಬನ್ ಪಾರ್ಕಿನೊಳಗೇ ಇದೆ. ವಿದ್ಯುತ್ತಿನ ಮಾದರಿ ನೋಡಿದ ಹುಡುಗನಿಗೆ ಊಟದ ಹೊತ್ತಿನಲ್ಲಿ ಆ ಕಟ್ಟಡವನ್ನು ತೋರಿಸಿದರೆ ಪಾಠ ತಾನಾಗಿ ಮುಗಿಯುತ್ತದೆ.

ವಿಜ್ಞಾನದ ಮ್ಯೂಸಿಯಂನಲ್ಲಿ ಮಕ್ಕಳದ್ದು ಒಂದೇ ಚಾಳಿ. ಕಂಡ ಗುಂಡಿಯನ್ನು ಒತ್ತುವುದು, ಏನಾಯಿತೆಂದು ನೋಡುವ ಮೊದಲೇ ಮುಂದಿನ ಗುಂಡಿಗೆ ಓಡುವುದು. ಮಾವನ ಬಳಿ ಇದಕ್ಕೆ ಒಂದು ನಿಯಮವಿತ್ತು: ಗುಂಡಿ ಒತ್ತುವ ಮೊದಲು, ಏನಾಗಬಹುದು ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ್ದು ತಪ್ಪಾದರೆ ಇನ್ನೊಮ್ಮೆ ಒತ್ತಬಹುದು, ಸರಿಯಾದರೆ ಮುಂದಕ್ಕೆ. ತಪ್ಪು ಹೇಳಿದವರಿಗೇ ಲಾಭವಾಗುವ ಈ ಆಟದಲ್ಲಿ ದಡ್ಡರೆನಿಸಿಕೊಂಡ ಹುಡುಗರು ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದರಂತೆ. ನೆಲಮಹಡಿಯ ಎಂಜಿನ್ ಹಾಲ್ ಇದಕ್ಕೆ ಹೇಳಿ ಮಾಡಿಸಿದ ಜಾಗ.

“ನಮ್ಮೆಜಮಾನ್ರು ಬಾಗಿಲಲ್ಲೇ ಬೆಂಚು ಹುಡುಕ್ತಾರೆ ಮಾವ. ಅವರಿಗೆ ಏನು ತೋರಿಸೋದು?”

“ಮರುತ್ ತೋರಿಸು. ಅಂಗಳದಲ್ಲೇ ಇದೆ.”

ಎಚ್‌ಎಫ್-24 ಮರುತ್ ಬೆಂಗಳೂರಿನಲ್ಲೇ ಹುಟ್ಟಿದ ಯುದ್ಧವಿಮಾನ. ಎಚ್‌ಎಎಲ್‌ನಲ್ಲಿ ಅದರ ವಿನ್ಯಾಸದ ಹೊಣೆ ಹೊತ್ತವರು ಜರ್ಮನಿಯ ಕುರ್ಟ್ ಟ್ಯಾಂಕ್. ಮೊದಲ ಬಾರಿ ಹಾರಿದ್ದು 1961ರ ಜೂನ್‌ನಲ್ಲಿ. ಶಬ್ದದ ಎರಡು ಪಟ್ಟು ವೇಗದ ಕನಸಿಟ್ಟುಕೊಂಡು ಮಾಡಿದ ಮೈಮಾಟ ಅದು; ತಕ್ಕ ಎಂಜಿನ್ ಮಾತ್ರ ಸಿಗಲಿಲ್ಲ. ಸಿಕ್ಕಿದ ಸಣ್ಣ ಎಂಜಿನ್ನುಗಳಲ್ಲೇ ಹಾರಿ, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಕೆಲಸ ಮಾಡಿತು. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿರುವ ಮನುಷ್ಯನಿಗೆ ಇದು ತಕ್ಷಣ ಅರ್ಥವಾಗುವ ಕಥೆ. ಅಂಗಳದ ಹಳೆಯ ಉಗಿಬಂಡಿಯ ಮುಂದೆ ಫೋಟೋ ತೆಗೆಸಿಕೊಳ್ಳುವುದು ಹೇಗೂ ಇದ್ದೇ ಇದೆ.

ಇಷ್ಟಾದ ಮೇಲೆ ಊಟ. ಮಾವನ ಪ್ರಕಾರ ಹನ್ನೆರಡೂವರೆಗೆ ಎಲ್ಲಿದ್ದರೂ ಹೊರಗೆ ಬರಬೇಕು. ಹಸಿದ ಮಗುವಿಗೆ ಯಾವ ಮ್ಯೂಸಿಯಂ ಕೂಡ ಬೇಡ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋದರೆ ಕಬ್ಬನ್ ಪಾರ್ಕಿನ ನೆರಳು ಇದೆ. ತಿಂದ ಮೇಲೆ ಎಲೆ, ಪೇಪರ್ ತಟ್ಟೆ ಬಿಟ್ಟು ಬರಬೇಡಿ ಎಂದು ಅವರು ಹೇಳಿದ್ದು ಯಾರೂ ಕೇಳಿಸಿಕೊಳ್ಳದಂಥ ಮೇಷ್ಟರ ದನಿಯಲ್ಲಿ. ಚಿಕ್ಕವಳಿಗೆ ಪುಟಾಣಿ ರೈಲಿನ ಆಸೆ ಹುಟ್ಟುವುದೂ ಇದೇ ಹೊತ್ತಿನಲ್ಲಿ. ಹುಟ್ಟಿದರೆ ಅಡ್ಡಿಯಿಲ್ಲ, ಅದಕ್ಕೊಂದು ಗಂಟೆ ಕೊಡಿ. ಮಧ್ಯಾಹ್ನದ ಶಿಲ್ಪಗಳಿಗೆ ಅವಳಿಂದ ಅಷ್ಟು ತಾಳ್ಮೆಯನ್ನು ಕೊಂಡಂತಾಯಿತು.

“ಶಿಲ್ಪದ ಕಡೆ ಹುಡುಗನನ್ನ ಹೇಗೆ ನಿಲ್ಲಿಸಲಿ? ಅವನಿಗೆ ಎಲ್ಲಾ ಕಲ್ಲೂ ಒಂದೇ,” ಎಂದಳು ಸೊಸೆ.

“ಎಲ್ಲಾ ಕಲ್ಲು ಯಾಕೆ ತೋರಿಸ್ತೀಯ? ಒಂದು ತೋರಿಸು. ಆತಕೂರಿನ ಕಲ್ಲು. ಮೊದಲೇ ಕಥೆ ಹೇಳಿಬಿಡು.”

“ಯಾವ ಕಥೆ?”

ಕಥೆ ನಿಜಕ್ಕೂ ಹುಡುಗರಿಗೆ ಬೇಕಾದಂಥದ್ದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಶಾಸನ ಅದು, ಕಾಲ ಕ್ರಿ.ಶ. 949–50. ಆಗ ರಾಷ್ಟ್ರಕೂಟರ ಮೂರನೇ ಕೃಷ್ಣನಿಗೂ ಚೋಳರಿಗೂ ತಕ್ಕೋಲಂನಲ್ಲಿ ಯುದ್ಧವಾಯಿತು. ಕೃಷ್ಣನ ಕಡೆ ಇದ್ದ ಗಂಗರ ಬೂತುಗ ಗೆಲುವಿನಲ್ಲಿ ದೊಡ್ಡ ಪಾಲು ವಹಿಸಿದ. ಚೋಳ ರಾಜಕುಮಾರ ರಾಜಾದಿತ್ಯ ಸತ್ತ. ಬೂತುಗನ ಬಂಟ ಮಣಲೇರ ಆ ಯುದ್ಧದಲ್ಲಿ ಎದೆಗುಂದದೆ ಹೋರಾಡಿದ್ದ. ಮೆಚ್ಚಿದ ಒಡೆಯ ಏನು ಬೇಕೋ ಕೇಳು ಎಂದ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ದೇವಸ್ಥಾನದ ಮುಂದೆ ಈ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿಯೂ ಸಿಕ್ಕಿತು. ಪೂಜೆ ಮಾಡದೆ ಉಂಡ ಅರ್ಚಕನಿಗೆ ಪಾಪ ಸುತ್ತಿಕೊಳ್ಳುತ್ತದೆಂದು ಶಾಸನವೇ ಹೇಳುತ್ತದೆ.

ಕಲ್ಲಿನ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಒಂದರ ಮೇಲೊಂದು ಬಿದ್ದು ಹೋರಾಡುತ್ತಿರುವ ಉಬ್ಬುಶಿಲ್ಪ. ಹಂದಿಯ ಮೈ ನಾಯಿಯದಕ್ಕಿಂತ ದಪ್ಪ. ಕೆತ್ತಿದವನು ತನ್ನ ಕಥಾನಾಯಕನನ್ನು ದೊಡ್ಡದು ಮಾಡಿ ತೋರಿಸುವ ಆಸೆಗೆ ಬಿದ್ದಿಲ್ಲ. ಸುತ್ತ ಹಳಗನ್ನಡದ ಅಕ್ಷರಗಳು. ಆರನೇ ಕ್ಲಾಸಿನ ಹುಡುಗನಿಗೆ ಓದಲು ಬರುವುದಿಲ್ಲ, ಆದರೆ ‘ಗ’, ‘ರ’ದಂಥ ಒಂದೆರಡು ಅಕ್ಷರಗಳ ಗುರುತು ಹತ್ತೀತು. ಯುದ್ಧ ಗೆದ್ದ ಚಕ್ರವರ್ತಿಯ ಹೆಸರೂ ಸತ್ತ ನಾಯಿಯ ಹೆಸರೂ ಒಂದೇ ಕಲ್ಲಿನಲ್ಲಿ ಉಳಿದಿವೆ. ಚರಿತ್ರೆಕಾರರಿಗೆ ತಕ್ಕೋಲಂ ಯುದ್ಧದ ವಿವರ ಸಿಗುವುದು ಇಂಥ ನಾಯಿಯ ಕಲ್ಲಿನಿಂದಲೂ ಹೌದು ಎಂಬುದನ್ನು ಶಾಲೆಯ ಪುಸ್ತಕಗಳು ಯಾಕೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕುವುದಿಲ್ಲವೋ.

ಬೇಗೂರಿನಿಂದ ತಂದ ವೀರಗಲ್ಲೂ ಅದೇ ಸಂಗ್ರಹದ್ದು. ಗಂಗರ ಮತ್ತು ನೊಳಂಬರ ಕಾಳಗ, ಆನೆ ಕುದುರೆ ಆಳುಗಳ ನೂಕುನುಗ್ಗಲು ಒಂದೇ ಚಪ್ಪಡಿಯಲ್ಲಿ ತುಂಬಿದೆ. ಹುಡುಗನಿಗೆ ಉತ್ಸಾಹ ಉಳಿದಿದ್ದರೆ ಅದನ್ನೂ ನೋಡಲಿ. ಇಲ್ಲದಿದ್ದರೆ ಬೇಡ. ಬಹುತೇಕ ಮ್ಯೂಸಿಯಂಗಳ ಫಲಕಗಳು ಕಾಲ, ವಂಶ, ಸಿಕ್ಕ ಊರು ಇಷ್ಟನ್ನು ಹೇಳಿ ಬಾಯಿ ಮುಚ್ಚಿಕೊಳ್ಳುತ್ತವೆ. ಕಥೆಯನ್ನು ಮನೆಯಿಂದಲೇ ಕಟ್ಟಿಕೊಂಡು ಹೋಗಬೇಕು, ಬುತ್ತಿಯ ಜೊತೆಗೆ.

“ಇನ್ನು ನನ್ನ ಚಿತ್ರಗಳು,” ಎಂದಳು ಸೊಸೆ. ಅಷ್ಟು ಹೊತ್ತಿಗೆ ಅವಳ ಪಟ್ಟಿಯಲ್ಲಿ ಉಳಿದದ್ದು ಅದೊಂದೇ.

“ನಿನ್ನವಲ್ಲ, ವೆಂಕಟಪ್ಪನವರವು. ಅವನ್ನ ಹುಡುಗನೂ ನೋಡಬೇಕು. ಆ ಮನುಷ್ಯನ ಕಣ್ಣು ಪ್ರಯೋಗಶಾಲೆ ಕಣ್ಣು.”

ಕೆ. ವೆಂಕಟಪ್ಪ ಹುಟ್ಟಿದ್ದು 1886ರಲ್ಲಿ, ಮೈಸೂರು ಅರಮನೆಯ ಚಿತ್ರಗಾರರ ಮನೆತನದಲ್ಲಿ. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲಿತರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವರ ಪುರಾಣಕಥೆಗಳ ಪುಸ್ತಕಕ್ಕೆ ಚಿತ್ರ ಬರೆದವರಲ್ಲಿ ಅವರೂ ಒಬ್ಬರು. ಊಟಿ, ಕೊಡೈಕೆನಾಲ್‌ಗಳಲ್ಲಿ ಕೂತು ಬರೆದ ಜಲವರ್ಣಗಳು ಅವರ ದೊಡ್ಡ ಸಂಪತ್ತು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಾಗದದಲ್ಲೂ ಬೆಟ್ಟದ ಅಂಚನ್ನು ಮಂಜು ಎಲ್ಲಿಯವರೆಗೆ ತಿಂದಿದೆ, ಬೆಳಗಿನ ಬೆಳಕು ಯಾವ ಮಗ್ಗುಲಿಗೆ ಬಿದ್ದಿದೆ ಎಂಬುದನ್ನು ಅವರು ಕೂದಲೆಳೆಯ ಕುಂಚದಲ್ಲಿ ಅಳೆದಂತೆ ಬರೆದಿದ್ದಾರೆ. ದೂರದಿಂದ ನೋಡಿದರೆ ಊಟಿಯ ಕ್ಯಾಲೆಂಡರ್ ಚಿತ್ರ ಅನ್ನಿಸುತ್ತದೆ. ಹತ್ತಿರ ಹೋದರೆ ಒಂದೊಂದು ಮರಕ್ಕೂ ಬೇರೆ ಹಸಿರು.

ಈ ಮನುಷ್ಯನಿಗೆ ನಡುವೆ ವೀಣೆಯ ಗೀಳು ಹಿಡಿಯಿತು. ವೀಣೆ ಶೇಷಣ್ಣನವರ ಬಳಿ ಕಲಿಯತೊಡಗಿ ಕುಂಚವನ್ನು ಬದಿಗಿಟ್ಟರು. ‘ವೀಣೆಯ ಹುಚ್ಚು’ ಎಂಬ ಹೆಸರಿನ ಚಿತ್ರದಲ್ಲಿ ತಮ್ಮದೇ ಈ ಪಾಡನ್ನು ಬರೆದುಕೊಂಡರು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಮಾಡಿದ ಉಬ್ಬುಶಿಲ್ಪಗಳೂ ಇವೆ. 1965ರಲ್ಲಿ ತೀರಿಕೊಂಡರು, ಅವರ ಹೆಸರಿನ ಚಿತ್ರಶಾಲೆ 1975ರಲ್ಲಿ ತೆರೆಯಿತು. ಕೆ.ಕೆ. ಹೆಬ್ಬಾರರ ಚಿತ್ರಗಳೂ ಅಲ್ಲಿ ಸೇರಿಕೊಂಡವು. 2016ರಲ್ಲಿ ಈ ಚಿತ್ರಶಾಲೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ದತ್ತು ಕೊಡುವ ಮಾತು ಬಂದಾಗ ಬೆಂಗಳೂರಿನ ಕಲಾವಿದರು ಬೀದಿಗೆ ಬಂದು ವಿರೋಧಿಸಿದರು. ಕಡಿಮೆ ಬಾಡಿಗೆಗೆ ತಮ್ಮ ಮೊದಲ ಪ್ರದರ್ಶನ ಮಾಡಿಕೊಳ್ಳಲು ಸಿಗುವ ಜಾಗ ಅವರಿಗೆ ಅದು.

“ಪಕ್ಕದ ಹೊಸ ಮ್ಯಾಪ್‌ಗೆ?”

“ಹೊತ್ತು ಮಿಕ್ಕರೆ ಹೋಗಿ. ಹೊಸ ಕಟ್ಟಡ, ಕೂರೋಕೆ ಚೆನ್ನಾಗಿದೆ. ಕಣ್ಣು ಕಾಣದವರು ಮುಟ್ಟಿ ನೋಡೋಕೆ ಆಗೋ ಹಾಗೆ ಕೆಲವು ಕಲಾಕೃತಿಗಳ ಉಬ್ಬು ನಮೂನೆ ಮಾಡಿಟ್ಟಿದ್ದಾರೆ. ಬೇರೆ ಕಡೆ ಎಲ್ಲಾ ‘ಮುಟ್ಟಬೇಡಿ’ ಅಂತ ಬೈಸಿಕೊಂಡ ಚಿಕ್ಕವಳಿಗೆ ಅದು ಹಬ್ಬ.”

ಸೊಸೆ ಹೊಸದಾಗಿ ಬರೆದುಕೊಂಡಳು. ಬೆಳಿಗ್ಗೆ ಬಟ್ಟೆಯ ವಿಮಾನ, ಎಂಜಿನ್ ಹಾಲ್, ಗೋಳ, ಡೈನೋಸಾರ್. ಊಟ, ರೈಲು. ಮಧ್ಯಾಹ್ನ ಕಾಳಿ, ವೆಂಕಟಪ್ಪ. ಚಿಕ್ಕಪೇಟೆಯನ್ನು ಬರೆಯಲಿಲ್ಲ, ಮಾವನೆದುರಿಗೆ.

ಅವಳ ಫೋನಿಗೆ ಕಲಬುರಗಿಯ ನಾದಿನಿಯ ಸಂದೇಶ ಬಂದಿತ್ತು. ತಮ್ಮ ಮಕ್ಕಳನ್ನೂ ಸೇರಿಸಿಕೊಂಡು ಹೋಗುವುದಾದರೆ ರಾತ್ರಿ ರೈಲಿಗೆ ಕಳಿಸುತ್ತೇನೆ ಎಂದು. “ಆ ಮಕ್ಕಳನ್ನ ಅಷ್ಟು ದೂರದಿಂದ ಯಾಕೆ ಕರೆಸ್ತೀಯ?” ಎಂದರು ಮಾವ. “ಅವರೂರಲ್ಲೇ ವಿಜ್ಞಾನ ಕೇಂದ್ರ ಇದೆಯಲ್ಲ. ಅದಕ್ಕೂ ಇದೇ ವಿಶ್ವೇಶ್ವರಯ್ಯ ಮ್ಯೂಸಿಯಂ ತಾಯಿಮನೆ. ಊರವರೇ ಹೋಗಲ್ಲ ಅಷ್ಟೇ.”

ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರ ಕೆಲಸ ಮಾಡುತ್ತಿರುವುದು 1984ರಿಂದ. ಧಾರವಾಡದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರವಿದೆ. ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರ, ತಾರಾಲಯಗಳ ಜೊತೆಗೆ ಕುಂಬಾರಿಕೆ, ನೇಯ್ಗೆ ನಡೆಯುವ ಕುಶಲಕರ್ಮಿಗಳ ಗ್ರಾಮವೂ ಒಂದೇ ಆವರಣದಲ್ಲಿದೆ. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಿಂದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವಿದೆ. ಈ ರಜೆಯಲ್ಲಿ ನಿಮಗೆ ಹತ್ತಿರವಿರುವುದಕ್ಕೆ ಹೋಗಿ ಬನ್ನಿ. ಮನೆಯ ಹಿರಿಯರನ್ನು ಬಿಟ್ಟು ಹೋಗಬೇಡಿ, ಮತ್ತು ಹೊರಡುವ ಹಿಂದಿನ ದಿನ ಫೋನ್ ಮಾಡಿ, ಯಾವ ವಾರ ರಜೆ ಎಂದು ಕೇಳಿಕೊಳ್ಳಿ.